ವಿಮ್ ಎಡಿಟರ್‌ನ ಕಮಾಂಡ್ ಜಾಗ: ಹಿಗ್ಗಿಸುವುದು, ಕುಗ್ಗಿಸುವುದು, ಹದ್ದು ಮೀರಿದರೆ ಸರಿಮಾಡುವುದು

ಮೊನ್ನೆ ರಾತ್ರಿ ಚಿತ್ರದುರ್ಗದಿಂದ ಅಕ್ಕನ ಮಗ ಫೋನ್ ಮಾಡಿದ. ಡಿಪ್ಲೊಮಾ ಓದುತ್ತಿದ್ದಾನೆ, ಟೆಕ್ಸ್ಟ್ ಫೈಲ್ ಬರೆಯುವ, ತಿದ್ದುವ ವಿಮ್ ಎಡಿಟರ್ ಕಲಿಯಲು ಶುರು ಮಾಡಿ ಇನ್ನೂ ಒಂದು ತಿಂಗಳು. "ಮಾಮ, ಸ್ಕ್ರೀನ್‌ನ ಕೆಳಗಿನ ಅರ್ಧ ಖಾಲಿ ಆಗ್ಬಿಟ್ಟಿದೆ. ಫೈಲು ಮೇಲ್ಗಡೆ ಅರ್ಧದಲ್ಲಿ ಸಿಕ್ಕಾಕೊಂಡಿದೆ. ಮುಚ್ಚಿ ತೆಗೆದ್ರೆ ಹೋಗುತ್ತೆ, ಆದ್ರೆ ಏನಾಯ್ತು ಅಂತಾನೇ ಗೊತ್ತಾಗ್ತಿಲ್ಲ" ಅಂದ. ಫೋನಿನಲ್ಲೇ ಒಂದು ಚಿಕ್ಕ ಕಮಾಂಡ್ ಹೇಳಿದೆ, ಸರಿಹೋಯಿತು. ಆದರೆ ಅವನು ಬಿಡಲಿಲ್ಲ. ಕೆಳಗೆ ಕಮಾಂಡ್ ಬರೆಯುವ ಆ ಜಾಗ ಯಾಕೆ ಇದೆ, ಎಷ್ಟು ದೊಡ್ಡದು ಮಾಡಬಹುದು, ಮಾಡಿದರೆ ಏನು ಲಾಭ ಅಂತ ಒಂದು ಗಂಟೆ ಕೇಳಿದ. ಅವನಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಅಕ್ಷರ ಬಿಡಿಸಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ, ಅದೂ ಚಿಕ್ಕಕ್ಷರಗಳನ್ನೇ ಒತ್ತಬೇಕು. ಅಕ್ಷರಗಳ ನಡುವೆ ನಾನು ಹಾಕಿರುವ ಅಡ್ಡಗೆರೆ ಓದುವುದಕ್ಕೆ ಮಾತ್ರ, ಅದನ್ನು ಒತ್ತಬೇಡಿ. ಪದಗಳ ನಡುವೆ ಜಾಗ ಇದ್ದರೆ ಸ್ಪೇಸ್ ಒತ್ತಿ. ಉದಾಹರಣೆಗೆ

:ಎಸ್-ಇ-ಟಿ ಸಿ-ಎಚ್?

ಅಂತ ಬರೆದರೆ ಕೋಲನ್, ಎಸ್, ಇ, ಟಿ, ಸ್ಪೇಸ್, ಸಿ, ಎಚ್, ಪ್ರಶ್ನೆ ಚಿಹ್ನೆ. ಕೊನೆಗೆ ಎಂಟರ್.

ನಿಮಗೆ ನಿಜವಾಗಿ ಬೇಕಿರುವುದು ಯಾವುದು?

"ಕಮಾಂಡ್ ಬರೆಯುವ ಜಾಗ ದೊಡ್ಡದು ಮಾಡಬೇಕು" ಅಂತ ಕೇಳುವವರಿಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಷ್ಟ ಇರುತ್ತದೆ. ಒಂದು, ವಿಮ್ ತೋರಿಸುವ ಸಂದೇಶ ಒಂದು ಸಾಲಿನಲ್ಲಿ ಹಿಡಿಯದೆ ಪದೇ ಪದೇ ಎಂಟರ್ ಒತ್ತು ಅನ್ನುತ್ತದೆ. ಎರಡು, ಉದ್ದದ ಕಮಾಂಡ್ ಬರೆಯುವಾಗ ತಿದ್ದಲು ಕಷ್ಟವಾಗುತ್ತದೆ. ಮೂರು, ನನ್ನ ಅಳಿಯನಿಗೆ ಆದ ಹಾಗೆ, ಜಾಗ ತಾನೇ ದೊಡ್ಡದಾಗಿಬಿಟ್ಟಿದೆ, ಹಳೆಯ ಸ್ಥಿತಿಗೆ ತರಬೇಕು. ಮೂರಕ್ಕೂ ಮದ್ದು ಬೇರೆ ಬೇರೆ. ಎರಡನೆಯ ಕಷ್ಟಕ್ಕೆ ಮೊದಲನೆಯದರ ಮದ್ದು ಹಾಕಿದರೆ ಸ್ಕ್ರೀನ್‌ನಲ್ಲಿ ಒಂದು ಸಾಲು ಹೋಗುತ್ತದೆ, ಕಷ್ಟ ಹಾಗೇ ಉಳಿಯುತ್ತದೆ. ತುಂಬಾ ಜನ ಇಲ್ಲೇ ಎಡವುವುದನ್ನು ನೋಡಿದ್ದೇನೆ.

ಕೆಳಗಿನ ಆ ಒಂದು ಸಾಲು

ವಿಮ್ ತೆರೆದಾಗ ಸ್ಕ್ರೀನ್‌ನ ತೀರಾ ಕೆಳಗೆ ಒಂದು ಸಾಲು ಖಾಲಿ ಇರುತ್ತದೆ. ಕೋಲನ್ ಒತ್ತಿದರೆ ಕರ್ಸರ್ ಅಲ್ಲಿಗೆ ಹಾರುತ್ತದೆ. ಓರೆಗೆರೆ (/) ಒತ್ತಿ ಹುಡುಕುವುದೂ ಅಲ್ಲೇ. ಫೈಲ್ ಉಳಿಸಿದಾಗ ಎಷ್ಟು ಸಾಲು ಬರೆದೆ ಅಂತ ವಿಮ್ ಹೇಳುವುದೂ ಅಲ್ಲೇ. ಅಂದರೆ ನಾವು ವಿಮ್‌ಗೆ ಮಾತು ಹೇಳುವುದು, ವಿಮ್ ನಮಗೆ ಉತ್ತರ ಕೊಡುವುದು ಎರಡೂ ಒಂದೇ ಕಿಂಡಿಯಲ್ಲಿ.

ಇದು ಹಳೆಯ ಕಾಲದಿಂದ ಬಂದ ಅಭ್ಯಾಸ. ಬಿಲ್ ಜಾಯ್ 1976ರಲ್ಲಿ ವಿಮ್‌ಗೆ ಮೂಲವಾದ ವಿಐ ಎಡಿಟರ್ ಬರೆಯುವಾಗ ಬಳಸುತ್ತಿದ್ದ ಟರ್ಮಿನಲ್‌ನಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಅಷ್ಟರಲ್ಲಿ ಎಡಿಟರ್ ತನಗಾಗಿ ಒಂದು ಸಾಲು ಇಟ್ಟುಕೊಂಡಿತು. 1991ರಲ್ಲಿ ಬ್ರಾಮ್ ಮೂಲೆನಾರ್ ವಿಮ್ ಹೊರತಂದಾಗಲೂ ಆ ಸಾಲು ಉಳಿಯಿತು. ಆದರೆ ವಿಮ್‌ನಲ್ಲಿ ಅದರ ಎತ್ತರವನ್ನು ನಾವು ಬದಲಿಸಬಹುದು. ಆ ಆಯ್ಕೆಯ ಹೆಸರು ಸಿಎಂಡಿ-ಹೈಟ್, ಗಿಡ್ಡ ಹೆಸರು ಸಿ-ಎಚ್. ಏನೂ ಹೇಳದಿದ್ದರೆ ಅದರ ಬೆಲೆ 1.

ಮೊದಲ ಕಷ್ಟ: ಸಂದೇಶ ಹಿಡಿಯುತ್ತಿಲ್ಲ

ಮೊದಲು ಎಸ್ಕೇಪ್ ಒತ್ತಿ, ಒತ್ತಿದ ಕೀಲಿಯನ್ನು ಅಕ್ಷರವಾಗಿ ಬರೆಯದೆ ಆಜ್ಞೆಯಾಗಿ ಓದುವ ನಾರ್ಮಲ್ ಮೋಡ್‌ಗೆ ಬನ್ನಿ. ನುಡಿ ಅಥವಾ ಇನ್‌ಸ್ಕ್ರಿಪ್ಟ್ ಕೀಲಿಮಣೆ ಆನ್ ಆಗಿದ್ದರೆ ಇಂಗ್ಲಿಷ್‌ಗೆ ಬದಲಿಸಿಕೊಳ್ಳಿ. ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇದು ದಿನಾ ಕಾಡುವ ವಿಷಯ. ಕೀಲಿ ಒತ್ತಿದಾಗ ಕನ್ನಡ ಅಕ್ಷರ ಹೋದರೆ ನಾರ್ಮಲ್ ಮೋಡ್‌ಗೆ ಅದು ಅರ್ಥವಾಗುವುದಿಲ್ಲ, ಸುಮ್ನೆ ಕೂರುತ್ತದೆ. ವಿಮ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಕೀಲಿಮಣೆ ಯಾವ ಭಾಷೆಯಲ್ಲಿದೆ ಅಂತ ನೋಡಿ.

ಈಗ ಎಷ್ಟಿದೆ ಅಂತ ಕೇಳಿ:

:ಎಸ್-ಇ-ಟಿ ಸಿ-ಎಚ್?

ಉತ್ತರ ಕೆಳಗೇ ಬರುತ್ತದೆ. ಎರಡು ಸಾಲು ಮಾಡಲು:

:ಎಸ್-ಇ-ಟಿ ಸಿ-ಎಚ್=2

ಎಂಟರ್ ಒತ್ತಿದ ತಕ್ಷಣ ಫೈಲ್ ಕಾಣುವ ಜಾಗ ಒಂದು ಸಾಲು ಕಡಿಮೆಯಾಗುತ್ತದೆ. ಸಮ ಚಿಹ್ನೆಯ ಹಿಂದೆ ಮುಂದೆ ಸ್ಪೇಸ್ ಬಿಡಬೇಡಿ. ಮತ್ತೆ ಮೊದಲಿನಂತೆ ಮಾಡಲು 2ರ ಬದಲು 1 ಹಾಕಿ. ಇಲ್ಲವೇ ಕೊನೆಗೆ & ಚಿಹ್ನೆ ಹಾಕಿ:

:ಎಸ್-ಇ-ಟಿ ಸಿ-ಎಚ್&

ಇದರ ಅರ್ಥ "ಮೂಲ ಬೆಲೆಗೆ ಹೋಗು". ಎಷ್ಟಿತ್ತು ಅಂತ ನೆನಪಿಲ್ಲದಾಗ ಇದು ಒಳ್ಳೆಯದು.

ಎಷ್ಟು ಬೇಕು ಅಂತ ನೋಡಿ ನೋಡಿ ಹೊಂದಿಸಬೇಕಾದರೆ ಒಂದೊಂದೇ ಸಾಲು ಕೂಡಿಸುತ್ತ ಹೋಗಿ:

:ಎಸ್-ಇ-ಟಿ ಸಿ-ಎಚ್+=1

ಒಮ್ಮೆ ಇದನ್ನು ಕೊಟ್ಟ ಮೇಲೆ @ ಮತ್ತು : ಒಂದರ ಹಿಂದೆ ಒಂದು ಒತ್ತಿ. ಕೊನೆಯ ಕಮಾಂಡ್ ಮತ್ತೆ ನಡೆಯುತ್ತದೆ. ಆಮೇಲಿನ ಸಲಕ್ಕೆ @@ ಸಾಕು. ಕಡಿಮೆ ಮಾಡಲು + ಬದಲು - ಹಾಕಿ.

ಇದರಿಂದ ಲಾಭ ಏನು? ವಿಮ್ ಹೇಳಬೇಕಾದ ಮಾತು ಆ ಜಾಗದಲ್ಲಿ ಹಿಡಿಯದಿದ್ದರೆ ಅದು ಸ್ಕ್ರೀನನ್ನು ಮೇಲಕ್ಕೆ ತಳ್ಳಿ, "ಮುಂದುವರಿಯಲು ಎಂಟರ್ ಒತ್ತಿ" ಅಂತ ಇಂಗ್ಲಿಷಿನಲ್ಲಿ ಬರೆದು ಕಾಯುತ್ತ ನಿಲ್ಲುತ್ತದೆ. ಫೈಲ್ ಉಳಿಸಿದಾಗಲೆಲ್ಲ ಯಾವುದೋ ಪ್ಲಗಿನ್ (ವಿಮ್‌ಗೆ ನಾವು ಸೇರಿಸಿಕೊಂಡ ಹೆಚ್ಚುವರಿ ಪ್ರೋಗ್ರಾಂ) ಎರಡು ಸಾಲಿನ ಸಂದೇಶ ಕೊಡುತ್ತಿದ್ದರೆ ಪ್ರತಿ ಸಲ ಒಂದು ಎಂಟರ್ ಜಾಸ್ತಿ. ದಿನಕ್ಕೆ ನೂರು ಸಲ ಉಳಿಸುವವರಿಗೆ ಅದು ಎಷ್ಟು ಕಿರಿಕಿರಿ ಅಂತ ಅನುಭವಿಸಿದವರಿಗೇ ಗೊತ್ತು. 2 ಮಾಡಿದರೆ ಬಹಳಷ್ಟು ಸಲ ಈ ತಡೆ ನಿಂತುಹೋಗುತ್ತದೆ.

ಆದರೆ 2ಕ್ಕಿಂತ ಜಾಸ್ತಿಯನ್ನು ಯಾವಾಗಲೂ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನನ್ನ ಲ್ಯಾಪ್‌ಟಾಪ್ ಚಿಕ್ಕದು, ಟರ್ಮಿನಲ್ ಪೂರ್ತಿ ಹಿಗ್ಗಿಸಿದರೂ 38 ಸಾಲು. ನಿಮ್ಮದು ಎಷ್ಟು ಅಂತ ನೋಡಲು :ಎಸ್-ಇ-ಟಿ ಎಲ್-ಐ-ಎನ್-ಇ-ಎಸ್? ಕೊಡಿ. ಅದರಲ್ಲಿ ಐದು ಸಾಲು ಯಾವಾಗಲೋ ಒಮ್ಮೆ ಬರುವ ಸಂದೇಶಕ್ಕೆ ಬಿಟ್ಟರೆ ಓದುವ ಫೈಲಿಗೆ ಜಾಗ ಎಲ್ಲಿ? ಸಂದೇಶವನ್ನೇ ಗಿಡ್ಡ ಮಾಡುವ ದಾರಿಯೂ ಇದೆ:

:ಎಸ್-ಇ-ಟಿ ಎಸ್-ಎಚ್-ಎಂ+=ಎ

ಇದನ್ನು ಕೊಟ್ಟರೆ "ಬದಲಾಗಿದೆ", "ಓದಲು ಮಾತ್ರ" ಅನ್ನುವಂಥ ಉದ್ದದ ಇಂಗ್ಲಿಷ್ ಪದಗಳ ಬದಲು ವಿಮ್ ಒಂದು + ಗುರುತು, ಎರಡಕ್ಷರದ ಗುರುತು ಹೀಗೆ ತೋರಿಸುತ್ತದೆ. ಮೊದಲು ಇದನ್ನು ಮಾಡಿ, ಸಾಲದಿದ್ದರೆ ಎತ್ತರ 2 ಮಾಡಿ. ಇನ್ನು ಕಣ್ಣುಮುಚ್ಚಿ ಬಿಡುವುದರೊಳಗೆ ಹೋಗಿಬಿಟ್ಟ ಸಂದೇಶ ಮತ್ತೆ ನೋಡಬೇಕಾದರೆ :ಎಂ-ಇ-ಎಸ್ ಕೊಡಿ. ಇತ್ತೀಚಿನ ಸಂದೇಶಗಳ ಪಟ್ಟಿ ಬರುತ್ತದೆ. ಅದಕ್ಕಾಗಿ ಎತ್ತರ ಹೆಚ್ಚಿಸಬೇಕಿಲ್ಲ.

ಇನ್ನೊಂದು ಸಂಗತಿ: ಈ ಎತ್ತರ ಪ್ರತಿ ಟ್ಯಾಬ್‌ಗೆ ಬೇರೆ ಬೇರೆ. ಒಂದು ಟ್ಯಾಬ್‌ನಲ್ಲಿ 3 ಮಾಡಿ ಇನ್ನೊಂದಕ್ಕೆ ಹೋದರೆ ಅಲ್ಲಿ ಹಳೆಯದೇ ಇರಬಹುದು. ತಪ್ಪಲ್ಲ, ವಿಮ್ ಇರುವುದೇ ಹಾಗೆ.

ಎರಡನೆಯ ಕಷ್ಟ: ಉದ್ದದ ಕಮಾಂಡ್ ಬರೆಯಬೇಕು

ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಿಮ್ ಬಳಸುವವರಲ್ಲೂ ಅರ್ಧಕ್ಕರ್ಧ ಜನ ಇದನ್ನು ತೆರೆದೇ ನೋಡಿರುವುದಿಲ್ಲ.

ನಾನು ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ದಿನದ ಆವಕ, ಧಾರಣೆ ಎಲ್ಲ ಸಾದಾ ಟೆಕ್ಸ್ಟ್ ಫೈಲಿನಲ್ಲಿ. ಹರಿಹರದ ಕಡೆಯಿಂದ ಬರೆದು ಕಳಿಸುವವರು "ಗೋವಿನ ಜೋಳ" ಅನ್ನುತ್ತಾರೆ. ಜಗಳೂರಿನವರು "ಮೆಕ್ಕೆ ಜೋಳ" ಅಂತ ಬಿಡಿಸಿ ಬರೆಯುತ್ತಾರೆ. ಇನ್ನೊಬ್ಬರು "ಮುಸುಕಿನ ಜೋಳ" ಅಂತ. ಮಾಲು ಒಂದೇ. ತಿಂಗಳ ಕೊನೆಗೆ ಕೂಡುವಾಗ ಹೆಸರು ಒಂದೇ ಇರಬೇಕು. ಅದಕ್ಕೆ ನಾನು ಕೊಡುವ ಕಮಾಂಡ್ ಇದು:

:%ಎಸ್/ಗೋವಿನ ಜೋಳ\|ಮೆಕ್ಕೆ ಜೋಳ\|ಮುಸುಕಿನ ಜೋಳ/ಮೆಕ್ಕೆಜೋಳ/ಜಿ

ಇಲ್ಲಿ ಮೊದಲಿನ ಎಸ್ ಮತ್ತು ಕೊನೆಯ ಜಿ ಇಂಗ್ಲಿಷ್ ಅಕ್ಷರ, ಧಾನ್ಯದ ಹೆಸರುಗಳು ಕನ್ನಡದಲ್ಲೇ. % ಅಂದರೆ ಇಡೀ ಫೈಲಿನಲ್ಲಿ. ಹಿಂದಕ್ಕೆ ವಾಲಿದ ಗೆರೆ ಮತ್ತು ನೆಟ್ಟಗೆರೆ ಸೇರಿದರೆ "ಅಥವಾ" ಅಂತ ಅರ್ಥ. ಬರೀ "ಜೋಳ" ಅಂತ ಹಾಕಿದರೆ ಬಿಳಿಜೋಳವೂ ಮೆಕ್ಕೆಜೋಳ ಆಗಿಬಿಡುತ್ತದೆ, ಲೆಕ್ಕ ಪೂರ್ತಿ ಹಾಳು. ಅದಕ್ಕೇ ಮೂರು ಹೆಸರನ್ನೂ ಪೂರ್ತಿ ಬರೆಯಬೇಕು.

ಇದನ್ನು ಕೆಳಗಿನ ಸಾಲಿನಲ್ಲಿ ಟೈಪ್ ಮಾಡುತ್ತ ಹೋದರೆ ಏನಾಗುತ್ತದೆ ನೋಡಿ. ಸಾಲು ತುಂಬಿದರೆ ಅದು ಮುಂದಿನ ಸಾಲಿಗೆ ಸುತ್ತಿಕೊಳ್ಳುತ್ತದೆ, ಸ್ಕ್ರೀನ್ ಮೇಲಕ್ಕೆ ಸರಿಯುತ್ತದೆ, ಎಂಟರ್ ಒತ್ತಿದ ಮೇಲೆ ಮೊದಲಿನಂತಾಗುತ್ತದೆ. ಅಂದರೆ ಉದ್ದದ ಕಮಾಂಡಿಗೆ ಜಾಗ ಇಲ್ಲ ಅನ್ನುವ ಭಯ ಬೇಡ. ಸಿ-ಎಚ್ ಬದಲಿಸುವ ಅಗತ್ಯವೂ ಇಲ್ಲ. ನಿಜವಾದ ಕಷ್ಟ ತಿದ್ದುವುದರಲ್ಲಿದೆ. ಅಲ್ಲಿ ಕರ್ಸರ್ ಸರಿಸಲು ಬಾಣದ ಕೀಲಿ, ಕಂಟ್ರೋಲ್-ಬಿ ಒತ್ತಿ ಮೊದಲಿಗೆ, ಕಂಟ್ರೋಲ್-ಇ ಒತ್ತಿ ಕೊನೆಗೆ, ಅಷ್ಟೇ. ಅದರ ಮೇಲೆ ಕನ್ನಡ. ಕೆಲವು ಟರ್ಮಿನಲ್‌ಗಳಲ್ಲಿ "ಮೆಕ್ಕೆ"ಯ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ, ಕರ್ಸರ್ ಯಾವ ಅಕ್ಷರದ ಮೇಲಿದೆ ಅಂತ ಗೊತ್ತಾಗುವುದಿಲ್ಲ. ಒಂದು ಅಕ್ಷರ ತಪ್ಪಿದರೆ ಎಲ್ಲ ಅಳಿಸಿ ಮತ್ತೆ ಬರೆಯಬೇಕು ಅನ್ನಿಸುತ್ತದೆ.

ಇದಕ್ಕೆ ಇರುವುದೇ ಕಮಾಂಡ್ ವಿಂಡೋ. ಹೀಗೆ ಮಾಡಿ.

ನಾರ್ಮಲ್ ಮೋಡ್‌ನಲ್ಲಿ ಕ್ಯೂ ಒತ್ತಿ, ಹಿಂದೆಯೇ ಕೋಲನ್ ಒತ್ತಿ. ಕೆಳಗೆ ಏಳು ಸಾಲಿನ ಹೊಸ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ನೀವು ಹಿಂದೆ ಕೊಟ್ಟ ಕಮಾಂಡ್‌ಗಳೆಲ್ಲ ಸಾಲಾಗಿ ಇರುತ್ತವೆ, ಹಳೆಯದು ಮೇಲೆ, ಹೊಸದು ಕೆಳಗೆ. ತೀರಾ ಕೊನೆಗೆ ಒಂದು ಖಾಲಿ ಸಾಲು, ಕರ್ಸರ್ ಅಲ್ಲಿ. ಇದು ಮಾಮೂಲಿ ಫೈಲ್ ಇದ್ದ ಹಾಗೇ. ಐ ಒತ್ತಿ ಬರೆಯಿರಿ, ಎಸ್ಕೇಪ್ ಒತ್ತಿ ಹೊರಬನ್ನಿ, ಡಬ್ಲ್ಯು ಒತ್ತಿ ಪದದಿಂದ ಪದಕ್ಕೆ ಹಾರಿ, ಸಿ-ಡಬ್ಲ್ಯು ಒತ್ತಿ ಒಂದು ಪದ ಬದಲಿಸಿ, ತಪ್ಪಾದರೆ ಯು ಒತ್ತಿ ಹಿಂದಕ್ಕೆ ತನ್ನಿ. ನಿಮಗೆ ಗೊತ್ತಿರುವ ವಿಮ್ ವಿದ್ಯೆಯೆಲ್ಲ ಇಲ್ಲಿ ನಡೆಯುತ್ತದೆ. ಕಮಾಂಡ್ ಸರಿ ಅನ್ನಿಸಿದಾಗ ಆ ಸಾಲಿನ ಮೇಲೆ ಎಂಟರ್ ಒತ್ತಿ. ಕಿಟಕಿ ಮುಚ್ಚಿ ಕಮಾಂಡ್ ನಡೆಯುತ್ತದೆ.

ನನಗೆ ಇದರ ಬೆಲೆ ಗೊತ್ತಾಗಿದ್ದು ತಿಂಗಳ ಕೊನೆಯ ಕೆಲಸದಲ್ಲಿ. ಕಳೆದ ತಿಂಗಳು ಕೊಟ್ಟ ಮೇಲಿನ ಉದ್ದದ ಕಮಾಂಡ್ ಹಳೆಯ ಪಟ್ಟಿಯಲ್ಲೇ ಇರುತ್ತದೆ. ಕೆ ಒತ್ತುತ್ತ ಮೇಲೆ ಹೋಗಿ, ಅಥವಾ ಆ ಕಿಟಕಿಯೊಳಗೇ ಓರೆಗೆರೆ ಒತ್ತಿ "ಮುಸುಕಿನ" ಅಂತ ಹುಡುಕಿ, ಸಾಲು ಸಿಕ್ಕ ಮೇಲೆ ಎಂಟರ್. ಮುಗಿಯಿತು. ಹಳೆಯದು ಎಷ್ಟು ಉಳಿಯಬೇಕು ಅನ್ನುವುದು ಎಚ್-ಐ ಅನ್ನುವ ಆಯ್ಕೆಯ ಮೇಲಿದೆ. ವಿಮ್‌ನಲ್ಲಿ ಹಳೆಯ ಆವೃತ್ತಿಗಳಲ್ಲಿ ಅದರ ಮೂಲ ಬೆಲೆ 50, ವಿಮ್‌ನಿಂದಲೇ ಕವಲೊಡೆದ ನಿಯೋವಿಮ್‌ನಲ್ಲಿ 10000. 50 ಸಾಲದು, 1000 ಮಾಡಿಕೊಳ್ಳಿ: :ಎಸ್-ಇ-ಟಿ ಎಚ್-ಐ=1000.

ಕೋಲನ್ ಒತ್ತಿ ಅರ್ಧ ಬರೆದ ಮೇಲೆ "ಅಯ್ಯೋ, ಇದು ಉದ್ದ ಆಯ್ತು" ಅನ್ನಿಸಿದರೆ? ಅಳಿಸಬೇಡಿ. ಕಂಟ್ರೋಲ್-ಎಫ್ ಒತ್ತಿ. ಬರೆದಷ್ಟೂ ಹಾಗೇ ಆ ಕಿಟಕಿಯೊಳಗೆ ಬರುತ್ತದೆ. ಒಂದೇ ಕೀಲಿ ನೆನಪಿಡುವುದಾದರೆ ಇದನ್ನೇ ನೆನಪಿಡಿ. ಹಿಂದಕ್ಕೆ ಕೆಳಗಿನ ಸಾಲಿಗೇ ಹೋಗಬೇಕಾದರೆ ಕಂಟ್ರೋಲ್-ಸಿ. ಏನೂ ನಡೆಸದೆ ಮುಚ್ಚಬೇಕಾದರೆ ಕಂಟ್ರೋಲ್-ಸಿ ಎರಡು ಸಲ, ಅಥವಾ :ಕ್ಯೂ ಕೊಟ್ಟು ಎಂಟರ್.

ಈ ಕಿಟಕಿಯ ಏಳು ಸಾಲು ಕಡಿಮೆ ಅನ್ನಿಸಿದರೆ ಅದಕ್ಕೆ ಬೇರೆಯೇ ಆಯ್ಕೆ ಇದೆ, ಹೆಸರು ಸಿ-ಡಬ್ಲ್ಯು-ಎಚ್:

:ಎಸ್-ಇ-ಟಿ ಸಿ-ಡಬ್ಲ್ಯು-ಎಚ್=12

ಇದು ಮುಂದಿನ ಸಲ ಕಿಟಕಿ ತೆರೆದಾಗ ಲೆಕ್ಕಕ್ಕೆ ಬರುತ್ತದೆ. ಈಗ ತೆರೆದಿರುವುದನ್ನೇ ಹಿಗ್ಗಿಸಬೇಕಾದರೆ ಕಂಟ್ರೋಲ್-ಡಬ್ಲ್ಯು ಒತ್ತಿ ಬಿಟ್ಟು + ಒತ್ತಿ. ಇಲ್ಲಿ 12 ಇಟ್ಟರೂ ನಷ್ಟವಿಲ್ಲ. ಕೆಲಸ ಇದ್ದಾಗ ಮಾತ್ರ ಬಂದು ಹೋಗುವ ಕಿಟಕಿ ಅಲ್ವಾ, ಉಳಿದ ಹೊತ್ತು ಸ್ಕ್ರೀನ್ ನಿಮ್ಮದೇ. ಸಿ-ಎಚ್ ಹಾಗಲ್ಲ, ಇಡೀ ದಿನ ಜಾಗ ತಿನ್ನುತ್ತದೆ.

ಹುಡುಕಿದ ಪದಗಳ ಪಟ್ಟಿಗೂ ಇಂಥದ್ದೇ ಕಿಟಕಿ ಇದೆ: ಕ್ಯೂ ಒತ್ತಿ ಓರೆಗೆರೆ.

ಉಬುಂಟುವಿನಲ್ಲಿ ಏನೂ ಹಾಕದೆ ವಿಐ ಅಂತ ಕೊಟ್ಟಾಗ ತೆರೆಯುವುದು ವಿಮ್‌ನ ಚಿಕ್ಕ ರೂಪ. ಅದರಲ್ಲಿ ಈ ಕಿಟಕಿ ಬಾರದಿದ್ದರೆ ಪ್ಯಾಕೇಜ್ ಮ್ಯಾನೇಜರ್‌ನಿಂದ ಪೂರ್ತಿ ವಿಮ್ ಹಾಕಿಕೊಳ್ಳಿ.

ಮೂರನೆಯ ಕಷ್ಟ: ತಾನೇ ದೊಡ್ಡದಾಗಿದೆ

ಮದ್ದು ಮೇಲೆಯೇ ಬಂದಿದೆ: :ಎಸ್-ಇ-ಟಿ ಸಿ-ಎಚ್=1. ಆದರೆ ಹೇಗೆ ಆಗುತ್ತದೆ ಅಂತ ತಿಳಿದರೆ ಮತ್ತೆ ಆಗದಂತೆ ನೋಡಿಕೊಳ್ಳಬಹುದು.

ಅಳಿಯನಿಗೆ ಆಗಿದ್ದು ಮೌಸ್‌ನಿಂದ. ಎರಡು ಕಿಟಕಿ ತೆರೆದಿದ್ದ, ಹಾಗಾಗಿ ಕೆಳಗೆ ಸ್ಟೇಟಸ್ ಲೈನ್ (ಫೈಲಿನ ಹೆಸರು ತೋರಿಸುವ ಅಡ್ಡಪಟ್ಟಿ) ಇತ್ತು. ತೀರಾ ಕೆಳಗಿನ ಸ್ಟೇಟಸ್ ಲೈನನ್ನು ಮೌಸ್‌ನಿಂದ ಹಿಡಿದು ಮೇಲಕ್ಕೆ ಎಳೆದರೆ ಅದರ ಕೆಳಗಿನ ಕಮಾಂಡ್ ಜಾಗ ಹಿಗ್ಗುತ್ತದೆ. ಟಚ್‌ಪ್ಯಾಡ್ ಮೇಲೆ ಬೆರಳು ತಾಗಿದ್ದು ಅವನಿಗೆ ಗೊತ್ತೇ ಆಗಿಲ್ಲ. ಕೆಳಕ್ಕೆ ಎಳೆದರೆ ಮತ್ತೆ ಕುಗ್ಗುತ್ತದೆ. ಬೇಕೆಂದೇ ಮಾಡಿದರೆ ಇದು ಸುಲಭದ ದಾರಿಯೂ ಹೌದು. ಒಂದೇ ಕಿಟಕಿ ಇದ್ದಾಗಲೂ ಎಳೆಯಲು ಗೆರೆ ಬೇಕಾದರೆ :ಎಸ್-ಇ-ಟಿ ಎಲ್-ಎಸ್=2 ಕೊಡಿ, ಸ್ಟೇಟಸ್ ಲೈನ್ ಯಾವಾಗಲೂ ಇರುತ್ತದೆ. ಮೌಸ್ ಕೆಲಸ ಮಾಡದಿದ್ದರೆ :ಎಸ್-ಇ-ಟಿ ಎಂ-ಒ-ಯು-ಎಸ್-ಇ=ಎ.

ಇನ್ನೊಂದು ಕಾರಣ ಕಂಟ್ರೋಲ್-ಡಬ್ಲ್ಯು ಒತ್ತಿ ಬಿಟ್ಟು ಮೈನಸ್ (-) ಒತ್ತುವುದು. ಇದು ಕಿಟಕಿಯ ಎತ್ತರ ಕಡಿಮೆ ಮಾಡುವ ಕೀಲಿ. ಎರಡು ಕಿಟಕಿ ಇದ್ದರೆ ಬಿಟ್ಟ ಜಾಗ ಪಕ್ಕದ ಕಿಟಕಿಗೆ ಹೋಗುತ್ತದೆ. ಒಂದೇ ಇದ್ದರೆ ಎಲ್ಲಿಗೆ ಹೋಗಬೇಕು? ಕೆಳಗಿನ ಕಮಾಂಡ್ ಜಾಗಕ್ಕೇ. ಹೀಗಾದಾಗ ಎಸ್ಕೇಪ್ ಎಷ್ಟು ಸಲ ಒತ್ತಿದರೂ ಹೋಗುವುದಿಲ್ಲ, ಯಾಕೆಂದರೆ ವಿಮ್ ಯಾವುದೇ ಮೋಡ್‌ನಲ್ಲಿ ಸಿಕ್ಕಿಕೊಂಡಿಲ್ಲ, ಬರೀ ಅಳತೆ ಬದಲಾಗಿದೆ.

ಮತ್ತೆ, ಕೆಳಗೆ ದಿಢೀರ್ ಅಂತ ಹಳೆಯ ಕಮಾಂಡ್‌ಗಳ ಪಟ್ಟಿ ಬಂದು ನಿಂತಿದೆಯೇ? ಅದು ಇದಲ್ಲ. ನೀವು ಹೊರಬರಲು ಕೋಲನ್-ಕ್ಯೂ ಒತ್ತುವ ಬದಲು ಅವಸರದಲ್ಲಿ ಕ್ಯೂ-ಕೋಲನ್ ಒತ್ತಿದ್ದೀರಿ. ಮೇಲೆ ಹೇಳಿದ ಕಮಾಂಡ್ ವಿಂಡೋ ತೆರೆದಿದೆ. ಕಂಟ್ರೋಲ್-ಸಿ ಎರಡು ಸಲ.

ಶಾಶ್ವತವಾಗಿ ಉಳಿಸುವುದು

ಇಲ್ಲಿಯವರೆಗೆ ಕೊಟ್ಟಿದ್ದೆಲ್ಲ ವಿಮ್ ಮುಚ್ಚಿದರೆ ಹೋಗುತ್ತದೆ. ಉಳಿಯಬೇಕಾದರೆ, ವಿಮ್ ತೆರೆದಾಗಲೆಲ್ಲ ಓದುವ ಸೆಟ್ಟಿಂಗ್ಸ್ ಫೈಲಿನಲ್ಲಿ, ಅಂದರೆ ಹೋಮ್ ಫೋಲ್ಡರ್‌ನ ವಿಮ್‌ಆರ್‌ಸಿ ಫೈಲಿನಲ್ಲಿ ಬರೆಯಬೇಕು. ಲಿನಕ್ಸ್‌ನಲ್ಲಿ ಆ ಹೆಸರಿನ ಮುಂದೆ ಚುಕ್ಕಿ, ವಿಂಡೋಸ್‌ನಲ್ಲಿ ಅಡಿಗೆರೆ. ಅದರಲ್ಲಿ ಕೋಲನ್ ಇಲ್ಲದೆ ಸಾಲಿಗೊಂದರಂತೆ ಬರೆದರೆ ಸಾಕು:

ಎಸ್-ಇ-ಟಿ ಎಸ್-ಎಚ್-ಎಂ+=ಎ
ಎಸ್-ಇ-ಟಿ ಸಿ-ಡಬ್ಲ್ಯು-ಎಚ್=12
ಎಸ್-ಇ-ಟಿ ಎಚ್-ಐ=1000

ನನ್ನ ಫೈಲಿನಲ್ಲಿ ಇರುವುದು ಇವಿಷ್ಟೇ, ಸಿ-ಎಚ್ ಬರೆದಿಲ್ಲ. ಬೇಕಾದಾಗ ಕೈಯಲ್ಲಿ ಕೊಡುತ್ತೇನೆ.

ಒಂದು ಎಚ್ಚರಿಕೆ. ವಿಮ್ 8ರಿಂದ ಈಚೆಗೆ, ನಿಮ್ಮ ಸ್ವಂತ ವಿಮ್‌ಆರ್‌ಸಿ ಇಲ್ಲದಿದ್ದರೆ ವಿಮ್ ತನ್ನದೇ ಒಂದು ಡಿಫಾಲ್ಟ್ಸ್ ಫೈಲ್ ಓದುತ್ತದೆ. ಬಣ್ಣ, ಮೌಸ್ ಎಲ್ಲ ಅದರಿಂದಲೇ ಬರುತ್ತವೆ. ನೀವು ಮೊದಲ ಸಲ ವಿಮ್‌ಆರ್‌ಸಿ ಮಾಡಿದ ಗಳಿಗೆಯಿಂದ ಅದನ್ನು ಓದುವುದು ನಿಲ್ಲುತ್ತದೆ. ಮೂರು ಸಾಲು ಬರೆದದ್ದಕ್ಕೆ ಬಣ್ಣವೇ ಹೋಯಿತಲ್ಲ ಅಂತ ಗಾಬರಿ ಆಗಬೇಡಿ. ಫೈಲಿನ ಮೊದಲ ಸಾಲಿನಲ್ಲೇ ಅದನ್ನೂ ಓದು ಅಂತ ಹೇಳಿ: ಎಸ್-ಒ, ಸ್ಪೇಸ್, ಡಾಲರ್ ಚಿಹ್ನೆ, ದೊಡ್ಡಕ್ಷರದಲ್ಲಿ ವಿ-ಐ-ಎಂ-ಆರ್-ಯು-ಎನ್-ಟಿ-ಐ-ಎಂ-ಇ, ಓರೆಗೆರೆ, ಚಿಕ್ಕಕ್ಷರದಲ್ಲಿ ಡಿ-ಇ-ಎಫ್-ಎ-ಯು-ಎಲ್-ಟಿ-ಎಸ್, ಚುಕ್ಕಿ, ವಿ-ಐ-ಎಂ.

ನಿಯೋವಿಮ್ ಬಳಸುವವರಿಗೆ ಮೇಲಿನ ಆ ಮೂರು ಸಾಲುಗಳು ಅದರ ಇನಿಟ್.ವಿಮ್ ಫೈಲಿನಲ್ಲಿ ಹೋಗುತ್ತವೆ. ಅದರಲ್ಲಿ 2022ರ 0.8 ಆವೃತ್ತಿಯಿಂದ ಸಿ-ಎಚ್ ಅನ್ನು 0 ಕೂಡ ಮಾಡಬಹುದು. ಕೋಲನ್ ಒತ್ತಿದಾಗ ಮಾತ್ರ ಸಾಲು ಕಾಣಿಸಿಕೊಳ್ಳುತ್ತದೆ. ನೋಡಲು ಚೆನ್ನ. ಆದರೆ ಸಂದೇಶಕ್ಕೆ ಜಾಗವೇ ಇಲ್ಲದ್ದರಿಂದ "ಎಂಟರ್ ಒತ್ತಿ" ಅನ್ನುವ ತಡೆ ಜಾಸ್ತಿಯಾಗುತ್ತದೆ. ಹೊಸಬರಿಗೆ ಬೇಡ ಅನ್ನುತ್ತೇನೆ.

ಈಮ್ಯಾಕ್ಸ್‌ನವರಿಗೆ (ಅದು ಇನ್ನೊಂದು ಹಳೆಯ ಎಡಿಟರ್) ಈ ತಲೆನೋವು ಕಡಿಮೆ. ಅಲ್ಲಿ ಕೆಳಗಿನ ಜಾಗದ ಹೆಸರು ಮಿನಿಬಫರ್. ಬರೆದದ್ದು ಉದ್ದವಾದರೆ ಅದು ತಾನೇ ಬೆಳೆಯುತ್ತದೆ, ಫ್ರೇಮ್‌ನ (ಈಮ್ಯಾಕ್ಸ್ ತೆರೆದಿರುವ ಇಡೀ ಕಿಟಕಿಯ) ಎತ್ತರದ ಕಾಲು ಭಾಗದವರೆಗೆ. ಆ ಮಿತಿ ಮ್ಯಾಕ್ಸ್-ಮಿನಿ-ವಿಂಡೋ-ಹೈಟ್ ಅನ್ನುವ ವೇರಿಯೇಬಲ್‌ನಲ್ಲಿದೆ, ಮೂಲ ಬೆಲೆ 0.25. ಜಾಸ್ತಿ ಬೇಕಾದರೆ 0.4 ಮಾಡಿ.

ಅಳಿಯನ ಫೈಲಿಗೆ ಮರಳಿ

ಫೋನ್ ಇಡುವ ಮೊದಲು ಅವನ ಕೈಯಲ್ಲೇ ಒಮ್ಮೆ ಮಾಡಿಸಿದೆ. ಅಂಗಡಿಯ ಹಳೆಯ ಧಾರಣೆ ಫೈಲ್ ಒಂದನ್ನು ಕಲಿಯಲಿ ಅಂತ ಅವನಿಗೆ ಕಳಿಸಿದ್ದೆ. ಕ್ಯೂ-ಕೋಲನ್ ಒತ್ತಿ, ಜೋಳದ ಸಾಲು ಬರೆದು, ಕೊನೆಯ ಜಿ ಪಕ್ಕದಲ್ಲಿ ಸಿ ಸೇರಿಸು ಅಂದೆ. ಹಾಗೆ ಸಿ ಸೇರಿಸಿದರೆ ಬದಲಿಸುವ ಮೊದಲು ವಿಮ್ ಪ್ರತಿಯೊಂದಕ್ಕೂ ಕೇಳುತ್ತದೆ. ಆ ಪ್ರಶ್ನೆ ಕೆಳಗಿನ ಜಾಗದಲ್ಲೇ ಬರುತ್ತದೆ. ಹೊಸ ಪದ, ಅದರ ಮುಂದೆ ಯಾವ ಕೀಲಿಗೆ ಏನು ಅರ್ಥ ಅನ್ನುವ ಪಟ್ಟಿ. ಅವನ ಟರ್ಮಿನಲ್ ಅಗಲ ಕಡಿಮೆ, ಪ್ರಶ್ನೆ ಒಂದು ಸಾಲಿನಲ್ಲಿ ಹಿಡಿಯಲಿಲ್ಲ. "ಮಾಮ, ಈಗ ಸಿ-ಎಚ್ ಎರಡು ಮಾಡ್ಲಾ?" ಅಂದ. ಮಾಡು ಅಂದೆ. ಮಾಡಿದ, ಪ್ರಶ್ನೆ ಪೂರ್ತಿ ಕಂಡಿತು. ಹತ್ತು ಹನ್ನೆರಡು ಸಲ ವೈ ಒತ್ತಿ, ಎಲ್ಲ ಸರಿಯಾಗಿ ಬದಲಾಗುತ್ತಿದೆ ಅಂತ ನಂಬಿಕೆ ಬಂದ ಮೇಲೆ ಎ ಒತ್ತಿ ಉಳಿದದ್ದನ್ನು ಒಮ್ಮೆಗೇ ಬದಲಿಸಿದ. ಬಿಳಿಜೋಳ ಬಿಳಿಜೋಳವಾಗೇ ಉಳಿದಿತ್ತು. ಆಮೇಲೆ ನಾನು ಹೇಳದೆಯೇ ಸಿ-ಎಚ್ ಅನ್ನು 1ಕ್ಕೆ ಇಳಿಸಿ ಫೈಲ್ ಉಳಿಸಿದ.